ಹನ್ನೊಂದು ಸಲ ‘ಬಂದ’

ನನ್ನ ಕನ್ನಡದ ಬಗ್ಗೆ ನನಗೆ ಯಾವತ್ತೂ ದೊಡ್ಡ ಅಭಿಮಾನ ಇರಲಿಲ್ಲ. ಹಾಗಂತ ಇಬ್ಬರು ವಕೀಲರು ಕೂತು ಅರ್ಧ ದಿನ ಅದರ ಮೇಲೆ ಜಗಳವಾಡುವಷ್ಟು ಕೆಟ್ಟದ್ದು ಎಂದೂ ಅಂದುಕೊಂಡಿರಲಿಲ್ಲ.

ನಾನು ಹುಟ್ಟಿದ್ದು ನಿಪ್ಪಾಣಿ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಎರಡನ್ನೂ ಕಲಸಿದ್ದು. ಕನ್ನಡ ಬರೆಯಲು ಸರಿಯಾಗಿ ಕಲಿತದ್ದು ಮದುವೆಯಾಗಿ ಸತ್ತಿ ಎಂಬ ಊರಿಗೆ ಬಂದು, ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ. ಅವಳ ಒಂದನೇ ಇಯತ್ತೆಯ ಪುಸ್ತಕ ಎದುರಿಗಿಟ್ಟುಕೊಂಡು ಅವಳ ಜೊತೆಗೇ ತಿದ್ದಿದೆ. ಮಗಳು ಎರಡನೇ ಇಯತ್ತೆಗೆ ಹೋದಳು, ನಾನು ಒಂದರಲ್ಲೇ ಉಳಿದೆ. ಅರ್ಧಾಕ್ಷರಗಳೆಲ್ಲ ಎರಡನೇ ಇಯತ್ತೆಯಲ್ಲಿದ್ದವು ಅಂತ ಕಾಣುತ್ತದೆ.

ಇಷ್ಟು ವಿದ್ಯೆಯ ಮೇಲೆ ನನಗೆ ಕೆಲಸ ಸಿಕ್ಕಿತು. ಕಾಗವಾಡ ರಸ್ತೆಯಲ್ಲಿ ದ್ರಾಕ್ಷಿ ಬೆಳೆಗಾರರು ಕೆಲವರು ಸೇರಿ ಒಣದ್ರಾಕ್ಷಿ ಇಡಲು ಕೋಲ್ಡ್ ಸ್ಟೋರೇಜ್ ಕಟ್ಟಿಸುತ್ತಿದ್ದರು. ಕಟ್ಟುವ ಗುತ್ತಿಗೆ ಹಿಡಿದವರು ಅಂಕಲಿಯ ಸಾಹುಕಾರರು. ಅವರ ಸೈಟಿನಲ್ಲಿ ನಾನು ದಿನವಹಿ ಬರೆಯುವವಳು. ಅದಕ್ಕೆ ಸೈಟ್ ಬುಕ್ ಅನ್ನುತ್ತಿದ್ದರು. ತಾರೀಖು, ಎಷ್ಟು ಆಳು, ಏನು ಕೆಲಸ, ಕೊನೆಗೆ ಟಿಪ್ಪಣಿಗೆ ‘ಶೇರಾ’ ಅಂತ ಒಂದು ಸಣ್ಣ ಕಾಲಂ. ಬಿಸಿಲು, ಸಿಮೆಂಟಿನ ಧೂಳು, ಮಿಕ್ಸರಿನ ಸದ್ದು. ಇಂಥಲ್ಲಿ ಕೂತು ಉದ್ದುದ್ದ ಬರೆಯುವ ತಾಳ್ಮೆ ನನಗಿಲ್ಲ. ಹುಟ್ಟಿನಿಂದಲೇ ಇಲ್ಲ.

ಗೋಡೆ ಕಟ್ಟುವ, ಗಿಲಾವು ಮೆತ್ತುವ ಕೆಲಸವನ್ನು ಸಾಹುಕಾರರು ರಾಯಬಾಗ ಕಡೆಯ ಒಬ್ಬ ಗೌಂಡಿ ಮೇಸ್ತ್ರಿಗೆ ವಹಿಸಿದ್ದರು. ಕಾಗದದಲ್ಲಿ ಅವರು ಉಪಗುತ್ತಿಗೆದಾರ. ನಮ್ಮ ಕಡೆ ಬಾಯಲ್ಲಿ ಪೋಟ್ ಠೇಕೇದಾರ. ಮರಾಠಿಯಲ್ಲಿ ಪೋಟ್ ಅಂದರೆ ಹೊಟ್ಟೆ. ಒಬ್ಬ ಠೇಕೇದಾರನ ಹೊಟ್ಟೆಯೊಳಗೆ ಇನ್ನೊಬ್ಬ ಠೇಕೇದಾರ ಅಂತ ಲೆಕ್ಕ. ಒಮ್ಮೆ ನಾನು ಇದನ್ನು ಹೇಳಿ ನಕ್ಕಾಗ ಮೇಸ್ತ್ರಿ, “ಹೌದ ಯವ್ವಾ, ಜೀರ್ಣ ಆಗೂತನಾ ಒಳಗ ಇರೂದು” ಅಂದಿದ್ದರು.

ಅವರು ನನ್ನ ಅಪ್ಪನಿಗಿಂತ ಹಿರಿಯರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಮಂಡಿ ನೋವು, ಹಳೆಯ ಮೊಪೆಡ್, ಕಿಸೆಯಲ್ಲಿ ಸದಾ ಓಳಂಬಾ. ಓಳಂಬಾ ಅಂದರೆ ದಾರಕ್ಕೆ ಕಟ್ಟಿದ ಗುಂಡು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದಕ್ಕೆ. ಅರ್ಧ ಗೋಡೆ ಬಿಟ್ಟು ಎದ್ದುಹೋದವನಲ್ಲ ತಾನು ಎನ್ನುವುದೊಂದೇ ಅವರ ದೊಡ್ಡಸ್ತಿಕೆ. ದಿನಕ್ಕೊಮ್ಮೆಯಾದರೂ ಆ ಮಾತು ಹೇಳದೆ ಇರುತ್ತಿರಲಿಲ್ಲ. ನನಗೆ ಕೇಳಿ ಕೇಳಿ ಸಾಕಾಗಿತ್ತು.

ಕರಾರಿನ ಪ್ರಕಾರ ಸಿಮೆಂಟು ಸಾಹುಕಾರರದು, ಕೈ ಮೇಸ್ತ್ರಿಯದು. ಇನ್ನೊಂದು ಕಲಮು ಇತ್ತು. ಕಾರಣವಿಲ್ಲದೆ ಸತತ ಏಳು ದಿನ ಮೇಸ್ತ್ರಿಯ ಕಡೆಯಿಂದ ಕೆಲಸ ನಿಂತರೆ ಸಾಹುಕಾರರು ಗುತ್ತಿಗೆ ರದ್ದು ಮಾಡಬಹುದು. ತಕರಾರು ಬಂದರೆ ಕೋರ್ಟಿಗೆ ಹೋಗದೆ, ಚಿಕ್ಕೋಡಿಯಲ್ಲಿರುವ ಒಬ್ಬ ನಿವೃತ್ತ ಎಂಜಿನಿಯರರ ಮುಂದೆ ಪಂಚಾಯ್ತಿ. ಸಹಿ ಮಾಡುವಾಗ ಇದನ್ನು ಯಾರೂ ಓದಿರಲಿಲ್ಲ ಅಂತ ಆಮೇಲೆ ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ದ್ರಾಕ್ಷಿ ಸೀಜನ್ ಹತ್ತಿರ ಬಂದಿತ್ತು. ವಾರದ ರಜೆಯನ್ನೂ ತೆಗೆದು ಕೆಲಸ ನಡೆಸುತ್ತಿದ್ದಾಗ ಸಿಮೆಂಟ್ ಮುಗಿಯಿತು. ನಾಳೆ ಬರುತ್ತದೆ ಅಂದರು. ಆ ನಾಳೆ ಹನ್ನೊಂದು ದಿನವಾದರೂ ಬರಲಿಲ್ಲ. ಮೇಸ್ತ್ರಿ ಬೆಳಿಗ್ಗೆ ಮೊಪೆಡ್ ಮೇಲೆ ಬರುವರು, ಬೇವಿನ ಮರದ ಕೆಳಗೆ ಕೂರುವರು, ಅರ್ಧ ಎದ್ದ ಗೋಡೆಗೆ ನೀರು ಹೊಡೆಯುವರು, ಸುಮ್ಮನೆ ಓಳಂಬಾ ಬಿಟ್ಟು ನೋಡುವರು. ಮಧ್ಯಾಹ್ನ ಆಳುಗಳನ್ನು ಕಳಿಸಿ ತಾವೂ ಹೋಗುವರು.

ನಾನು ಸೈಟ್ ಬುಕ್ಕಿನಲ್ಲಿ ಕಾಲಂಗಳನ್ನೆಲ್ಲ ಖಾಲಿ ಬಿಟ್ಟು, ಶೇರಾದಲ್ಲಿ ಒಂದೇ ಶಬ್ದ ಬರೆದೆ: ‘ಬಂದ’. ಮರುದಿನವೂ ‘ಬಂದ’. ಹನ್ನೊಂದು ದಿನ, ಹನ್ನೊಂದು ‘ಬಂದ’.

ನಾನು ಬರೆಯಬೇಕೆಂದಿದ್ದದ್ದು ಬಂದ್. ಕೆಲಸ ಬಂದ್ ಇದೆ ಅಂತ. ಮರಾಠಿಯಲ್ಲಿ ಅದನ್ನು ಬರೆಯುವಾಗ ಕೊನೆಯ ಅಕ್ಷರ ಪೂರ್ತಿ ಬರೆದು, ಓದುವಾಗ ಅರ್ಧ ನುಂಗುತ್ತಾರೆ. ಅದೇ ರೂಢಿಯಲ್ಲಿ ಕನ್ನಡದಲ್ಲೂ ಪೂರ್ತಿ ಬರೆದುಬಿಟ್ಟೆ. ನನ್ನ ಕಣ್ಣಿಗೆ ಅದು ಬಂದ್ ಅಂತಲೇ ಕಾಣುತ್ತಿತ್ತು, ಈಗಲೂ ಹಾಗೇ ಕಾಣುತ್ತದೆ.

ಹನ್ನೆರಡನೆಯ ದಿನ ದ್ರಾಕ್ಷಿ ಬೆಳೆಗಾರರು ಜೀಪಿನಲ್ಲಿ ಬಂದಿಳಿದು, ತಡ ಯಾಕಾಯಿತು, ಬರೆದು ಕೊಡಿ ಅಂದರು. ಸಾಹುಕಾರರು ಕೆಟ್ಟವರಲ್ಲ. ಆದರೆ ಬೈಸಿಕೊಳ್ಳುವುದು ಅವರಿಗೆ ಆಗುವುದಿಲ್ಲ. ಬೈಗುಳ ತಮ್ಮ ಕಡೆ ಬರುವುದು ಕಂಡರೆ ಪಕ್ಕಕ್ಕೆ ಸರಿದು ಇನ್ನೊಬ್ಬರನ್ನು ಅಲ್ಲಿ ನಿಲ್ಲಿಸುತ್ತಾರೆ. ನನ್ನ ಕೈಯಿಂದ ಸೈಟ್ ಬುಕ್ ಇಸಿದುಕೊಂಡು ಕಾಗವಾಡಕ್ಕೆ ಹೋಗಿ ಝೆರಾಕ್ಸ್ ಮಾಡಿಸಿದರು. ಎರಡೇ ದಿನದಲ್ಲಿ ಮೇಸ್ತ್ರಿಯ ಮನೆಗೆ ವಕೀಲರ ನೋಟೀಸು ಹೋಯಿತು. “ಸತತ ಹನ್ನೊಂದು ದಿನ ಕೆಲಸ ಬಂದ್ ಇಟ್ಟು ಪರಾರಿಯಾಗಿದ್ದರಿಂದ ನಿಮ್ಮ ಗುತ್ತಿಗೆಯನ್ನು ರದ್ದುಪಡಿಸಲಾಗಿದೆ.”

ಮೇಸ್ತ್ರಿಗೆ ತಮ್ಮ ಹೆಸರು ಬರೆಯುವುದು ಬಿಟ್ಟರೆ ಓದು ಬರಹ ಬರುವುದಿಲ್ಲ. ಆ ನೋಟೀಸನ್ನು ಅವರಿಗೆ ಓದಿ ಹೇಳಿದವನು ಅವರೂರಿನ ಕಟಿಂಗ್ ಅಂಗಡಿಯವನು. ಅರ್ಧ ಗಡ್ಡ ಕೆರೆಸಿಕೊಂಡವರೂ ಸೋಪು ಹಚ್ಚಿಸಿಕೊಂಡವರೂ ಎಲ್ಲರೂ ಕೇಳಿಸಿಕೊಂಡರು. ಅವತ್ತಿನಿಂದ ಊರಲ್ಲಿ ಅವರಿಗೆ ಪರಾರಿ ಮೇಸ್ತ್ರಿ ಅಂತ ಹೆಸರು ಬಿತ್ತು.

ಮರುದಿನ ಬೆಳಿಗ್ಗೆ ಅವರು ಸೈಟಿಗೆ ಬಂದಾಗ ಗೇಟಿಗೆ ಕೀಲಿ ಹಾಕಿತ್ತು. ಒಳಗೆ ಹೊಸ ಗ್ಯಾಂಗು ಬಂದಿಳಿದಿತ್ತು. ಸಿಮೆಂಟೂ ಬಂದಿತ್ತು. ಅವರು ಗೇಟಿನ ಸರಳು ಹಿಡಿದು ನನ್ನನ್ನು ಕರೆದರು.

“ಯವ್ವಾ, ನಾ ದಿನಾ ಬಂದೀನಲ್ಲ. ನೀ ಬರಕೊಂಡಿಲ್ಲೇನ?”

“ಬರಕೊಂಡೀನಿ ಕಾಕಾ.”

“ಏನಂತ ಬರದಿ?”

“ಬಂದ ಅಂತ.”

ನಾನು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಬರೆದದ್ದನ್ನು ಬರೆದ ಹಾಗೇ ಓದಿದೆ, ಅಷ್ಟೇ. ಅವರ ಮುಖ ಅರಳಿತು.

“ಹಂಗಾರ ಆತು ಬಿಡು. ಬಂದ ಅಂತ ಬರದಮ್ಯಾಲ ಪರಾರಿ ಹೆಂಗ ಆದೀನಿ ನಾ? ನಿನ್ನ ಪುಸ್ತಕನ ನನ್ನ ಸಾಕ್ಷಿ.”

ಹೀಗಂದು ಮೊಪೆಡ್ ತಿರುಗಿಸಿ ಹೋದರು. ಕಾಕಾ, ಅದು ಆ ‘ಬಂದ’ ಅಲ್ಲ ಅಂತ ಕೂಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಹೇಡಿತನಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಮೇಸ್ತ್ರಿ ಒಬ್ಬ ವಕೀಲರನ್ನು ಹಿಡಿದು ತಕರಾರು ಹಾಕಿದರು. ಪಂಚಾಯ್ತಿಯ ದಿನ ಚಿಕ್ಕೋಡಿಗೆ ನಾವು ಹೋದ ರೀತಿ ಹೇಳಿದರೆ ಯಾರೂ ನಂಬುವುದಿಲ್ಲ. ಸಾಹುಕಾರರ ಗಾಡಿಯಲ್ಲಿ ನಾನು ಹಿಂದೆ ಕೂತಿದ್ದೆ. ಅಂಕಲಿ ದಾಟಿದ ಮೇಲೆ ರಸ್ತೆ ಬದಿ ಮೇಸ್ತ್ರಿ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ಸಾಹುಕಾರರು ಗಾಡಿ ನಿಲ್ಲಿಸಿದರು.

“ಬಸ್ಸಿಗೆ ನಿಂತ್ರ ನೀವ ತಡಾ ಮಾಡ್ತೀರಿ. ಬರ್ರಿ, ಹತ್ರಿ.”

“ನಿಮ್ಮ ಮ್ಯಾಲ ಕೇಸ ಹಾಕೀನ್ರಿ ನಾ.”

“ಹಾಕೀರಿ, ಗೊತ್ತೈತಿ. ಅದಕ್ಕ ಹೊಂಟೀವಲ್ಲ. ಮುಂದ ಕೂಡ್ರಿ, ಮಂಡಿ ನೋಯ್ತೈತಿ ನಿಮ್ಗ.”

ಚಿಕ್ಕೋಡಿ ಮುಟ್ಟುವವರೆಗೂ ಇಬ್ಬರೂ ಒಂದು ಮಾತೂ ಆಡಲಿಲ್ಲ. ಹಿಂದಿನ ಸೀಟಿನಲ್ಲಿ ಸೈಟ್ ಬುಕ್ ತೊಡೆಯ ಮೇಲಿಟ್ಟುಕೊಂಡು ನಾನು ಮಾತ್ರ ಬೆವರುತ್ತಿದ್ದೆ.

ಎಂಜಿನಿಯರ್ ಸಾಹೇಬರ ಮನೆಯ ಮಾಳಿಗೆಯ ಮೇಲೆ ಪಂಚಾಯ್ತಿ. ಉದ್ದ ಟೇಬಲ್ಲು, ಒಂದು ಫ್ಯಾನು, ಎರಡೂ ಕಡೆ ಒಬ್ಬೊಬ್ಬ ವಕೀಲರು. ನನ್ನ ಸೈಟ್ ಬುಕ್ಕನ್ನು ಟೇಬಲ್ ನಡುವೆ ತೆರೆದಿಟ್ಟರು. ನನ್ನ ಅಕ್ಷರ ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಮೇಸ್ತ್ರಿಯ ವಕೀಲರು ಎದ್ದು ನಿಂತು, ಇಲ್ಲಿ ದಕಾರ ಪೂರ್ತಿ ಇದೆ, ಅರ್ಧಾಕ್ಷರ ಇಲ್ಲ, ಕನ್ನಡದಲ್ಲಿ ಇದನ್ನು ಬಂದನು ಎಂದೇ ಓದಬೇಕು ಅಂದರು. ಆದ್ದರಿಂದ ನನ್ನ ಕಕ್ಷಿದಾರ ಹನ್ನೊಂದು ದಿನವೂ ಬಂದಿದ್ದಾನೆ. ಬಂದವನು ಪರಾರಿಯಾಗುವುದು ಹೇಗೆ?

ಸಾಹುಕಾರರ ವಕೀಲರು ಚುರುಕಿನವರು. ಅವರು ವ್ಯಾಕರಣಕ್ಕೆ ಕೈ ಹಾಕಲಿಲ್ಲ, ನನ್ನ ಸಂಸ್ಕಾರಕ್ಕೆ ಹಾಕಿದರು.

“ಸಾಹೇಬ್ರ, ಈ ಅಕ್ಕಾರು ಇದೇ ಪುಸ್ತಕದಾಗ ಬ್ಯಾರೆ ಕಡೆ ‘ಸಾಹುಕಾರರು ಬಂದರು’ ಅಂತ ಬರದಾರ. ಮೀಟರ್ ನೋಡಾಕ ಬಂದಾವಗೂ ‘ಲೈನ್‌ಮನ್ ಬಂದರು’ ಅಂತ ಬರದಾರ. ಮೇಸ್ತ್ರಿ ಇವರ ತಂದಿಗಿಂತ ದೊಡ್ಡಾವ್ರು. ಮನಿತನಸ್ಥ ಹೆಣಮಗಳು ಹಿರ್ಯಾರಿಗೆ ‘ಬಂದ’ ಅಂತ ಏಕವಚನದಾಗ ಬರೀತಾಳೇನ್ರಿ? ಸಾಧ್ಯನ ಇಲ್ಲ. ಅದು ಬಂದ್. ಕೆಲಸ ಬಂದ್.”

ಎಂಜಿನಿಯರ್ ಸಾಹೇಬರು ತಲೆಯಾಡಿಸಿದರು. ವಾದ ಅವರಿಗೆ ಹಿಡಿಸಿದ್ದು ಕಂಡಿತು. ನನ್ನ ಕಡೆ ತಿರುಗಿ, “ನೀವ ಹೇಳ್ರಿ. ಏನಂತ ಬರದೀರಿ?” ಅಂದರು.

ಆಗ ನನಗಿದ್ದದ್ದು ಎರಡೇ ದಾರಿ. ಬಂದ್ ಅಂತ ಬರೆದೆ ಅಂದರೆ ಮೇಸ್ತ್ರಿ ಕಾಯಂ ಆಗಿ ಪರಾರಿ. ಬಂದ ಅಂತ ಬರೆದೆ ಅಂದರೆ ಅಪ್ಪನಿಗಿಂತ ಹಿರಿಯರನ್ನು ಹನ್ನೊಂದು ದಿನ ಏಕವಚನದಲ್ಲಿ ಕರೆದವಳು ನಾನು. ಈ ಸುದ್ದಿ ಸತ್ತಿಗೆ ಮುಟ್ಟಿದರೆ ನಮ್ಮ ಅತ್ತೆ ಏನನ್ನುತ್ತಾರೆ ಎನ್ನುವುದು ಆ ಗಡಿಬಿಡಿಯಲ್ಲೂ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಂಶಯವೇ ಇರಲಿಲ್ಲ. ಅದೇ ನನ್ನನ್ನು ಕೊಂದಿತು.

“ಬಂದ ಅಂತ ಬರದೀನ್ರಿ,” ಅಂದೆ. “ಮೇಸ್ತ್ರಿ ಬಂದ ಅಂತ. ಅವಸರದಾಗ ಏಕವಚನ ಆಗೇತ್ರಿ. ತಪ್ಪ ನಂದು.”

ಸುಳ್ಳು ಹೇಳಿದ್ದಕ್ಕೆ ಹೆದರಿಕೆಯಾಗಲಿಲ್ಲ. ಹಗುರಾಯಿತು. ಮೇಸ್ತ್ರಿಯ ವಕೀಲರು ಪೆನ್ನು ಮುಚ್ಚಿ ಕಿಸೆಗೆ ಹಾಕಿಕೊಂಡರು. ಅಲ್ಲಿಗೆ ಮುಗಿದ ಹಾಗೇ.

“ಹಂಗಾದ್ರ ಹನ್ನೊಂದು ದಿನಾನೂ ಮೇಸ್ತ್ರಿ ಸೈಟಿನ್ಯಾಗ ಇದ್ರು?” ಅಂತ ಎಂಜಿನಿಯರ್ ಸಾಹೇಬರು ಕೇಳಿದರು.

ನಾನು ಹೌದು ಅನ್ನುವಷ್ಟರಲ್ಲಿ ಪಕ್ಕದಿಂದ ದನಿ ಬಂತು.

“ಇಲ್ರಿ. ರವಿವಾರ ನಾ ಬಂದಿಲ್ರಿ.”

ಹೇಳಿದವರು ಮೇಸ್ತ್ರಿ. ಅವರ ವಕೀಲರು ಮೊದಲು ತಮ್ಮ ಕಕ್ಷಿದಾರನನ್ನು ನೋಡಿದರು, ಆಮೇಲೆ ಫ್ಯಾನ್ ನೋಡಿದರು. ಮೆಲ್ಲಗೆ, “ಸುಮ್ನ ಕೂಡ್ರಿ ಅಜ್ಜಾರ,” ಅಂದರು.

“ಹೆಂಗ ಸುಮ್ನ ಕೂಡ್ಲಿ ವಕೀಲ್ರ? ಅವತ್ತ ನಾ ಮಂಗಸೂಳಿ ಗುಡಿಗೆ ಹೋಗಿದ್ದೆ. ಮಲ್ಲಯ್ಯನ ಮುಂದ ನಿಂತಿದ್ದೆ. ಅಲ್ಲೂ ಇದ್ದೆ, ಇಲ್ಲೂ ಇದ್ದೆ ಅಂತ ಹೆಂಗ ಹೇಳ್ಲಿ?”

ಸಾಹುಕಾರರ ವಕೀಲರು ಕುರ್ಚಿಯಿಂದ ಅರ್ಧ ಎದ್ದರು. ಬರದಿದ್ದ ದಿನವೂ ‘ಬಂದ’ ಅಂತ ಬರೆದಿದೆ ಅಂದ ಮೇಲೆ ಅದು ಬಂದ್ ಅಲ್ಲದೆ ಇನ್ನೇನು? ಎಂಜಿನಿಯರ್ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಸುಳ್ಳ ಹೇಳಿದೆ ಸಾಹೇಬ್ರ,” ಅಂದೆ. “ಬಂದ್ ಅಂತನ ಬರದೀನಿ. ಮರಾಠಿ ಸಾಲಿ ಕಲತಾಕಿ ನಾ, ಅರ್ಧ ಅಕ್ಷರ ಬರೂದಿಲ್ಲ. ಆದ್ರ ಕಾಕಾ ಬಂದಿದ್ದು ಖರೆ ಐತ್ರಿ. ರವಿವಾರ ಒಂದ ಬಿಟ್ಟು ದಿನಾ ಬಂದಾರ. ಕೆಲಸ ಇಲ್ದ ಬಂದಾವ್ರನ್ನ ಬರಿಯಾಕ ಆ ಪುಸ್ತಕದಾಗ ಕಾಲಂ ಇಲ್ರಿ.”

“ಯಾಕ ಇರ್ಲಿಲ್ಲ ಕೆಲಸ?”

ನಾನು ಸಾಹುಕಾರರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು. ಅವರ ವಕೀಲರು, ಇದಕ್ಕೆಲ್ಲ ಕಾಗದ ಪತ್ರ ಏನಿದೆ, ಬಾಯಿಮಾತು ನಡೆಯುವುದಿಲ್ಲ ಅಂದರು. ಎಂಜಿನಿಯರ್ ಸಾಹೇಬರು ಮೇಸ್ತ್ರಿಗೆ, “ಮಂಗಸೂಳಿಗೆ ಹೋಗಿದ್ದಕ್ಕರ ಸಾಕ್ಷಿ ಐತೇನ್ರಿ?” ಅಂತ ಕೇಳಿದರು. ಸ್ವಲ್ಪ ಬೇಸರದಿಂದಲೇ ಕೇಳಿದರು ಅಂತ ಕಾಣುತ್ತದೆ, ಊಟದ ಹೊತ್ತಾಗಿತ್ತು.

“ಐತ್ರಿ,” ಅಂದು ಮೇಸ್ತ್ರಿ ಟೇಬಲ್ಲಿನ ಆ ಕಡೆ ಬೆರಳು ತೋರಿಸಿದರು. “ಸಾವಕಾರ್ರನ ಸಾಕ್ಷಿ. ಅವ್ರೂ ಬಂದಿದ್ರು. ಪ್ರಸಾದ ನನ್ನ ಕೈಯಾಗ ಅವ್ರ ಕೊಟ್ಟಾರ.”

ರವಿವಾರ ಮಲ್ಲಯ್ಯನ ವಾರ. ನಮ್ಮ ಕಡೆಯವರು ಅವತ್ತು ಹೋಗದೆ ಇರುತ್ತಾರೆಯೇ? ಕೆಲಸ ನಿಲ್ಲಿಸಿದವರೂ ಕೆಲಸ ನಿಂತವರೂ ಒಂದೇ ಸಾಲಿನಲ್ಲಿ ನಿಂತು ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡಿದ್ದರು.

“ಹೌದೇನ್ರಿ?” ಅಂದರು ಎಂಜಿನಿಯರ್ ಸಾಹೇಬರು.

“ಹೌದ್ರಿ,” ಅಂದರು ಸಾಹುಕಾರರು. ದನಿ ಸಣ್ಣದಾಗಿತ್ತು.

“ಏನರ ಮಾತಾಡಿದ್ರೇನು ಇಬ್ರೂ?”

ಸಾಹುಕಾರರ ವಕೀಲರು ಅವರ ತೋಳು ಮುಟ್ಟಿದರು. ಸಾಹುಕಾರರು ಆ ಕೈಯನ್ನು ಮೆಲ್ಲಗೆ ಸರಿಸಿದರು. ದ್ರಾಕ್ಷಿ ಬೆಳೆಗಾರರ ಮುಂದೆ ಏನು ಬೇಕಾದರೂ ಹೇಳುವ ಮನುಷ್ಯ ಅವರು. ಮಲ್ಲಯ್ಯನ ಗುಡಿಯಲ್ಲಿ ಆಡಿದ ಮಾತು ಆಡಿಲ್ಲ ಅನ್ನಲು ಮಾತ್ರ ಆಗಲಿಲ್ಲ.

“ಸಿಮೆಂಟ್ ಯಾವಾಗ ಬರ್ತೈತಿ ಅಂತ ಕೇಳಿದ್ರು. ಎಲ್ಲೋ ಸಿಕ್ಕೊಂಡೈತಿ, ಇನ್ನೊಂದ ನಾಕ ದಿನ ತಡಕೋರಿ ಅಂದಿದ್ದೆ. ಮಲ್ಲಯ್ಯನ ಮುಂದನ ಅಂದಿದ್ದೆ. ಇಲ್ಲ ಅನ್ನಾಕ ಬರೂದಿಲ್ಲ.”

ಅವರ ವಕೀಲರು ಫೈಲು ಮುಚ್ಚಿದರು. ಬರದಿದ್ದ ಒಂದೇ ಒಂದು ದಿನ ಮೇಸ್ತ್ರಿಯನ್ನು ಉಳಿಸಿತು. ಸೈಟಿಗೆ ಬಂದ ಹತ್ತು ದಿನಗಳಿಂದ ಆಗದ ಕೆಲಸ ಅದು.

ವಾಪಸ್ ಬರುವಾಗಲೂ ಒಂದೇ ಗಾಡಿ. ಈ ಸಲ ಸಾಹುಕಾರರು ದಾರಿಯುದ್ದಕ್ಕೂ ಮಾತಾಡಿದರು, ಎಲ್ಲವೂ ನನ್ನ ಜೊತೆಗೇ.

“ಅಲ್ರಿ ಅಕ್ಕಾರ, ಒಂದ ‘ಕೆಲಸ’ ಅಂತರ ಮುಂದ ಬರೀಬಾರದೇನ್ರಿ? ಇಲ್ಲಾ ಒಂದ ‘ರು’ ಅಂತರ ಹಚ್ಚಬಾರದೇನ್ರಿ? ಒಂದಕ್ಷರಕ್ಕ ನಮ್ಮನ್ನ ಚಿಕ್ಕೋಡಿ ಮಾಳಗಿ ಹತ್ತಿಸಿದ್ರಲ್ಲ.”

ನನಗೂ ಸಿಟ್ಟು ಬಂತು. “ಒಂದ ಗಾಡಿ ಸಿಮೆಂಟ್ ತರಿಸಿದ್ರ ನಾ ಪುಸ್ತಕದ ಒಂದ ಪಾನ ತುಂಬ ಬರೀತಿದ್ದೆ ಸಾವಕಾರ್ರ,” ಅಂದೆ. ಮುಂದಿನ ಸೀಟಿನಲ್ಲಿ ಮೇಸ್ತ್ರಿಯ ಹೆಗಲು ಕುಲುಕಿದ್ದು ಹಿಂದಿನಿಂದ ಕಂಡಿತು. ಅವರು ನಗುತ್ತಿದ್ದರು.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಅವರು ಏನೂ ಅನ್ನಲಿಲ್ಲ. “ಬಂದ್ ಅಂತನ ಬರದಿದ್ದಿ ಹೌದಿಲ್ಲೋ? ಏಕವಚನ ಅಲ್ಲಲ್ಲ?” ಅಂತ ಎರಡು ಸಲ ಖಾತ್ರಿ ಮಾಡಿಕೊಂಡು ರೊಟ್ಟಿ ಬಡಿಯಲು ಕೂತರು.

ಕೆಲವು ವಾರಗಳ ಮೇಲೆ ಆದೇಶ ಬಂತು. ಗುತ್ತಿಗೆ ರದ್ದು ಮಾಡಿದ್ದು ಸರಿಯಲ್ಲ, ತಡ ಆದದ್ದು ಸಿಮೆಂಟಿನಿಂದ, ಮೇಸ್ತ್ರಿಯೇ ಕೆಲಸ ಮುಗಿಸತಕ್ಕದ್ದು, ಮತ್ತು ಸೈಟ್ ಬುಕ್ಕಿನಲ್ಲಿ ದಿನಾಲೂ ಸಂಜೆ ಅದನ್ನು ಓದಿ ಹೇಳಿ ಮೇಸ್ತ್ರಿಯ ಸಹಿ ಪಡೆಯತಕ್ಕದ್ದು. ಕೊನೆಯ ಸಾಲು ನನಗಾಗಿಯೇ ಬರೆದದ್ದು.

ಮೇಸ್ತ್ರಿ ಮರುದಿನವೇ ಬಂದರು. ಯಾರ ಜೊತೆಯೂ ಮಾತಾಡದೆ ನೇರ ತಮ್ಮ ಗೋಡೆಯ ಹತ್ತಿರ ಹೋದರು. ಅವರು ಬಿಟ್ಟಿದ್ದ ಗೋಡೆಯ ಮೇಲೆ, ತಕರಾರಿನಿಂದ ಕೆಲಸ ನಿಲ್ಲುವ ಮೊದಲು, ಹೊಸ ಗ್ಯಾಂಗಿನವರು ಮೂರು ವರಸೆ ಇಟ್ಟಿಗೆ ಏರಿಸಿದ್ದರು. ಕಾಕಾ ಓಳಂಬಾ ಬಿಟ್ಟರು. ಗುಂಡು ಕೆಳಗಿನವರೆಗೂ ಗೋಡೆಗೆ ತಾಗಿ ನಿಲ್ಲಬೇಕಿತ್ತು. ಬೆರಳು ತೂರುವಷ್ಟು ದೂರ ನಿಂತಿತು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಸುತ್ತಿಗೆ ತೆಗೆದುಕೊಂಡು ಮೂರೂ ವರಸೆ ಕೆಡವಲು ಶುರು ಮಾಡಿದರು.

ಸಾಹುಕಾರರು ಫೋನ್ ಬಿಟ್ಟು ಓಡಿ ಬಂದರು. “ಏನ ಮಾಡಾಕತ್ತೀರಿ? ಮೊದ್ಲ ತಡಾ ಆಗೇತಿ. ಇದಕ್ಕ ಮತ್ತ ಎರಡ ದಿನ ಹೋಗ್ತಾವಲ್ರಿ.”

“ಹೋಗಲ್ರಿ. ಸೊಟ್ಟ ಗ್ವಾಡಿ ಮ್ಯಾಲ ನಾ ಇಟ್ಟಂಗಿ ಇಡೂದಿಲ್ಲ. ಬೇಕಂದ್ರ ಇನ್ನೊಂದ ನೋಟೀಸ್ ಕೊಡ್ರಿ.”

ಸಾಹುಕಾರರು ನನ್ನ ಕಡೆ ತಿರುಗಿ, “ತಡಾ ಯಾಕಾತು ಅಂತ ಬರೀರಿ ಅಕ್ಕಾರ. ಪೂರ್ತಿ ಬರೀರಿ ಈ ಸಲ,” ಅಂದು ಹೋದರು.

ಪೂರ್ತಿ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಉದ್ದ ಕನ್ನಡ ನಾನು ಬರೆದಿರಲಿಲ್ಲ. ಮೇಸ್ತ್ರಿಯವರು ಬೆಳಿಗ್ಗೆ ಬಂದರು. ಬೇರೆಯವರು ಕಟ್ಟಿದ ಮೂರು ವರಸೆ ಸೊಟ್ಟ ಇದ್ದವು. ಮೇಸ್ತ್ರಿಯವರು ಅವನ್ನು ಕೆಡವಿದರು. ನಾಳೆ ಮೇಸ್ತ್ರಿಯವರು ಹೊಸದಾಗಿ ಕಟ್ಟುವರು. ಪ್ರತಿ ಸಾಲಿನಲ್ಲೂ ‘ರು’ ಇದೆಯೇ ಅಂತ ಬೆರಳಿಟ್ಟು ನೋಡಿಕೊಂಡೆ.

ಸಂಜೆ ಅವರು ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು. ನಾನು ಓದಿ ಹೇಳಿದೆ. ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೂ ಪೆನ್ನು ಹಿಡಿಯಲಿಲ್ಲ.

“ಯವ್ವಾ, ಆ ಹನ್ನೊಂದು ದಿನದ್ದ ಪಾನಾ ತಗಿ.”

ತೆಗೆದೆ.

“ಅದರಾಗೂ ನಾ ಬಂದಿದ್ದು ಬರೀತಿ ಏನ? ಸಣ್ಣಾಗಿ ಬಾಜೂಕ ಬರೀ. ರವಿವಾರ ಬಿಟ್ಟು.”

ಇದ್ದದ್ದನ್ನು ಹಾಗೇ ಬಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಹತ್ತು ದಿನಕ್ಕೂ ಒಂದೊಂದಾಗಿ ಬರೆದೆ: ಮೇಸ್ತ್ರಿಯವರು ಬಂದಿದ್ದರು. ಕೆಳಗೆ ಇವತ್ತಿನ ತಾರೀಖು ಹಾಕಿ ನನ್ನ ಸಹಿ ಮಾಡಿದೆ. ಬರೆಯುವಾಗ ಅಕ್ಷರ ಮಸುಕಾದವು, ನನಗೆ ಅಳು ಬಂದಿತ್ತು. ಅವರು ಪ್ರತಿ ಸಾಲನ್ನೂ ನನ್ನಿಂದ ಓದಿಸಿದರು. ಹತ್ತೂ ಮುಗಿದ ಮೇಲೆ ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸುತ್ತಾ, ನನ್ನ ಸಹಿಯ ಕೆಳಗೆ ತಮ್ಮ ಹೆಸರು ಬರೆದರು.